ಗೋಡೆ, ಮೂಲೆ, ಸ್ಪೀಕರ್: ಮನೆಯಲ್ಲಿ ದನಿ ಕೆಟ್ಟರೆ ಎಲ್ಲಿಂದ ಹುಡುಕಬೇಕು

ಅಂಗಡಿಯಲ್ಲಿ ಕೇಳಿದಾಗ ಮನಸ್ಸಿಗೆ ಹಿಡಿಸಿದ ಸ್ಪೀಕರ್ ಮನೆಗೆ ಬಂದ ಮೇಲೆ ಬೇರೆ ಯಾವುದೋ ಸ್ಪೀಕರ್ ಅನ್ನಿಸುವುದು ಹೊಸ ಸಂಗತಿಯೇನಲ್ಲ. ಮೈಸೂರಿನ 30-40 ಸೈಟಿನ ಮನೆಯಾಗಲಿ, ಮಂಡ್ಯದ ಬಾಡಿಗೆ ಮನೆಯಾಗಲಿ, ಹಾಲ್ ಅಂದರೆ ಹೆಚ್ಚುಕಡಿಮೆ ಹತ್ತಡಿಗೆ ಹನ್ನೆರಡಡಿ. ಅದರೊಳಗೆ ಸೋಫಾ, ಟಿ.ವಿ., ಶೋಕೇಸು, ದಿವಾನ ಎಲ್ಲ ಜಾಗ ಹಿಡಿದ ಮೇಲೆ ಸ್ಪೀಕರಿಗೆ ಉಳಿಯುವುದು ಗೋಡೆಯಂಚು, ಇಲ್ಲವೇ ಮೂಲೆ. ಆಮೇಲೆ ದನಿ ಸರಿಯಿಲ್ಲ ಅಂತ ಕೇಬಲ್ ಬದಲಿಸುತ್ತಾರೆ, ಆಂಪ್ಲಿಫೈಯರ್ ಬದಲಿಸುತ್ತಾರೆ, ಕೊನೆಗೆ ಸ್ಪೀಕರನ್ನೇ ಮಾರುತ್ತಾರೆ. ಜಾಗ ಬದಲಿಸಿ ನೋಡುವುದು ಮಾತ್ರ ಹೊಳೆಯುವುದಿಲ್ಲ. ಕಾಸು ಖರ್ಚಿಲ್ಲದ ಉಪಾಯಕ್ಕೆ ನಮ್ಮಲ್ಲಿ ಬೆಲೆ ಕಮ್ಮಿ.

ಗೋಡೆ ಮಾಡುವ ಕೆಲಸ ಇಷ್ಟು. ಕೆಳಗಿನ ಸ್ಥಾಯಿಯ ಶಬ್ದ, ಅಂದರೆ ಬೇಸ್, ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ; ಸುತ್ತಲೂ ಹರಡುತ್ತದೆ. ಬೆನ್ನ ಹಿಂದೆ ಗೋಡೆ ಇದ್ದರೆ ಹಿಂದಕ್ಕೆ ಹೋದದ್ದು ತಿರುಗಿ ಬಂದು ಮುಂದಿನದರ ಜೊತೆ ಸೇರುತ್ತದೆ. ಲೆಕ್ಕದ ಪ್ರಕಾರ ಒಂದು ಗೋಡೆ ಬೇಸ್‌ಗೆ, ಶಬ್ದದ ಜೋರಿನ ಅಳತೆಯಲ್ಲಿ, 6 ಡೆಸಿಬೆಲ್‌ವರೆಗೆ ಕೂಡಿಸಬಲ್ಲದು. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ, ಹೀಗೆ ಮೂರೂ ಸೇರಿಕೊಳ್ಳುತ್ತವೆ. ಕಿಟಕಿ ಬಾಗಿಲು ಇರುವ ಮನೆಯಲ್ಲಿ ಲೆಕ್ಕದಷ್ಟೂ ಬರುವುದಿಲ್ಲ ನಿಜ, ಆದರೆ ಬರುವಷ್ಟೇ ಸಾಕಷ್ಟಾಯಿತು. ಮೇಲಿನ ಸ್ಥಾಯಿಯ ಶಬ್ದ, ಅಂದರೆ ಟ್ರೆಬಲ್, ನೇರವಾಗಿ ಮುಂದಕ್ಕೆ ಹೋಗುವುದರಿಂದ ಅದಕ್ಕೆ ಗೋಡೆಯಿಂದ ಈ ಲಾಭವಿಲ್ಲ. ಹೀಗಾಗಿ ತೂಕ ಕೆಳಕ್ಕೆ ವಾಲುತ್ತದೆ.

ಹಾಗಂತ ಮೂಲೆ ಅಂದರೆ ದೋಷ ಎಂದು ತೀರ್ಮಾನಿಸಬೇಡಿ. ಅಮೆರಿಕದ ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ರೂಪಿಸಿದ ಕ್ಲಿಪ್ಷ್‌ಹಾರ್ನ್ ಸ್ಪೀಕರ್ ಮೂಲೆಯ ಎರಡು ಗೋಡೆಗಳನ್ನೇ ತನ್ನ ಹಾರ್ನಿನ, ಅಂದರೆ ಕಹಳೆಯಂಥ ಬಾಯಿಯ, ಮುಂದುವರಿಕೆಯಾಗಿ ಬಳಸಿಕೊಳ್ಳುತ್ತದೆ. ಮೂಲೆಯಿಂದ ಈಚೆಗೆ ಎಳೆದರೆ ಅದರ ಬೇಸ್ ಸೊರಗುತ್ತದೆ. ಬ್ರಿಟನ್ನಿನ ಸ್ಪೀಕರ್‌ಗಳಾದ ಲಿನ್ ಕಾನ್, ನೇಮ್ ಎಸ್‌ಬಿಎಲ್ ಗೋಡೆಗೆ ಹತ್ತಿಸಿ ಇಡಲೆಂದೇ ಮಾಡಿದವು. ನಿಮ್ಮ ಸ್ಪೀಕರಿನ ಜೊತೆ ಬಂದ ಪುಸ್ತಕದಲ್ಲಿ ಗೋಡೆಯಿಂದ ಎಷ್ಟು ದೂರ ಎಂದು ಬರೆದಿದ್ದರೆ ಅಲ್ಲಿಂದಲೇ ಶುರು ಮಾಡಿ. ಆ ಪುಸ್ತಕ ಓದುವುದೇ ಮೊದಲ ರಿಪೇರಿ.

ಶುರು ಮಾಡುವ ಮುನ್ನ

ಆಂಪ್ಲಿಫೈಯರಿನ ಬೇಸ್, ಟ್ರೆಬಲ್ ಗುಂಡಿಗಳನ್ನು ನಡುವಿಗೆ ತನ್ನಿ. ‘ಲೌಡ್‌ನೆಸ್’ ಒತ್ತಿದ್ದರೆ ಬಿಡಿಸಿ. ಫೋನಿನಿಂದ ಹಾಡು ಬರುತ್ತಿದ್ದರೆ ಅದರೊಳಗಿನ ಈಕ್ವಲೈಜರ್, ‘ಬೇಸ್ ಬೂಸ್ಟ್’ ಎರಡನ್ನೂ ಆರಿಸಿ. ಬೂಂ ಎನ್ನುವ ದೂರುಗಳಲ್ಲಿ ಒಂದಿಷ್ಟು ಇಲ್ಲೇ ಮುಗಿದುಹೋಗುತ್ತವೆ.

ತಂತಿ ಬಿಚ್ಚುವಾಗ, ಹಾಕುವಾಗ ಆಂಪ್ಲಿಫೈಯರ್ ಆಫ್ ಆಗಿರಲಿ, ಪ್ಲಗ್ ಕಿತ್ತಿರಲಿ. ಸ್ಪೀಕರ್ ತಂತಿಯ ಬಿಡಿ ಎಳೆಯೊಂದು ಪಕ್ಕದ ಟರ್ಮಿನಲ್ಲಿಗೆ ತಗುಲಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ನಿಲುವು ಸ್ಪೀಕರ್ ಭಾರವಿರುತ್ತದೆ, ಇಬ್ಬರು ಹಿಡಿದು ಸರಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೆಳು ಸ್ಟ್ಯಾಂಡಿನ ಮೇಲೆ ಸುಮ್ಮನೆ ಕೂರಿಸಿದ ಪೆಟ್ಟಿಗೆ ಅಪಾಯ. ಟೊಳ್ಳು ಸ್ಟ್ಯಾಂಡಿಗೆ ತೊಳೆದು ಚೆನ್ನಾಗಿ ಒಣಗಿಸಿದ ಮರಳು ತುಂಬಿ, ಪೆಟ್ಟಿಗೆಯನ್ನು ಅಂಟುಮೇಣದಂಥದರಿಂದ ಹಿಡಿಸಿ. ಗೋಡೆಗೆ ಬ್ರಾಕೆಟ್ ಹೊಡೆಯುವವರು ಎರಡು ವಿಷಯ ನೋಡಬೇಕು: ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಒಳವೈರಿಂಗ್ ಇರುತ್ತದೆ, ಅಲ್ಲಿ ಡ್ರಿಲ್ ಬೇಡ, ಮಂಡ್ಯ ಸೀಮೆಯ ಹಳೆಯ ಮಣ್ಣುಗೋಡೆಯಲ್ಲಿ ಸಾಧಾರಣ ಪ್ಲಗ್ ಸ್ಕ್ರೂ ನಿಲ್ಲುವುದಿಲ್ಲ, ಅಲ್ಲಿ ಸ್ಟ್ಯಾಂಡೇ ಸರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಎಡಗಡೆಯ ಪೆಟ್ಟಿಗೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಡಿ. ತಂತಿಗಳು ಇದ್ದಲ್ಲೇ ಇರಲಿ. ದೋಷ ಪೆಟ್ಟಿಗೆಯ ಜೊತೆಗೇ ಹೋಯಿತೆಂದರೆ ಪೆಟ್ಟಿಗೆಯಲ್ಲಿ ಕೆಲಸವಿದೆ. ಇದ್ದಲ್ಲೇ ಉಳಿಯಿತೆಂದರೆ ಜಾಗ, ತಂತಿ, ಆಂಪ್ಲಿಫೈಯರ್ ಈ ಮೂರರಲ್ಲಿ ಒಂದು. ಆಗ ಆಂಪ್ಲಿಫೈಯರಿನ ಹಿಂದೆ ಎಡ-ಬಲ ತಂತಿಗಳನ್ನು ಅದಲುಬದಲು ಮಾಡಿ. ದೋಷ ಪಕ್ಕ ಬದಲಿಸಿದರೆ ಆಂಪ್ಲಿಫೈಯರ್ ಅಥವಾ ಅದಕ್ಕೆ ಹಾಡು ಕೊಡುತ್ತಿರುವ ಸಾಧನ. ಬದಲಿಸದಿದ್ದರೆ ಆ ಬದಿಯ ತಂತಿಯನ್ನೊಮ್ಮೆ ನೋಡಿ, ಅದೂ ಸರಿಯಿದ್ದರೆ ಕೋಣೆ. ಮುಂದಿನ ಯಾವ ಭಾಗಕ್ಕೆ ಹೋದರೂ ಈ ಅದಲುಬದಲು ಮಾಡಿಕೊಂಡೇ ಹೋಗಿ, ಇಲ್ಲದಿದ್ದರೆ ಕತ್ತಲೆಯಲ್ಲಿ ತಡಕಾಟ.

ಕೇಳಿ ನೋಡಲು ಮೂರು ಸಾಮಗ್ರಿ ಸಾಕು: ಗಂಡು ದನಿಯ ರೇಡಿಯೊ ವಾರ್ತೆ, ವೀಣೆ ಅಥವಾ ಮೃದಂಗ ಚೆನ್ನಾಗಿ ಕೇಳುವ ಒಂದು ಕಛೇರಿ, ಜೋರು ಡ್ರಮ್ಮಿನ ಒಂದು ಸಿನಿಮಾ ಹಾಡು.

“ಒಂದೇ ಸಮ ಬೂಂ ಬೂಂ ಅನ್ನುತ್ತೆ”

ಅತಿ ಹೆಚ್ಚು ಬರುವ ದೂರು ಇದು. ಮೈಸೂರಿನವರಿಗೆ ಇದರ ರುಚಿ ಪ್ರತಿ ವರ್ಷ ಸಿಗುತ್ತದೆ: ನವರಾತ್ರಿಗೆ ಗೊಂಬೆ ಕೂರಿಸಲು ಹಾಲಿನ ಒಳ್ಳೆಯ ಜಾಗ ಬೇಕು, ಸ್ಪೀಕರ್‌ಗಳು ಎರಡು ಮೂಲೆಗೆ ಹೋಗುತ್ತವೆ, ವಿಜಯದಶಮಿಯವರೆಗೆ ಮೃದಂಗದ ತೊಪ್ಪಿ ಡೊಳ್ಳಿನ ಹಾಗೆ ಕೇಳುತ್ತದೆ.

ಮೊದಲು ಪೆಟ್ಟಿಗೆಯ ಬೆನ್ನು ನೋಡಿ. ಅಲ್ಲಿ ಮುಷ್ಟಿ ಹಿಡಿಯುವಷ್ಟು ದುಂಡನೆಯ ರಂಧ್ರವಿದ್ದರೆ ಅದು ಪೋರ್ಟ್. ಕೆಳಸ್ವರಗಳ ಒಂದು ಪಾಲು ಅದರಿಂದಲೇ ಬರುತ್ತದೆ. ಅದು ಗೋಡೆಗೆ ಅಂಟಿಕೊಂಡಂತಿದ್ದರೆ ಗಾಳಿಯ ಓಡಾಟವೂ ಕೆಡುತ್ತದೆ. ಕನಿಷ್ಠ ಒಂದು ಗೇಣು ಬಿಡಿ. ಬಿಡಲು ಜಾಗವೇ ಇಲ್ಲವೆಂದರೆ ಒಂದು ಜೊತೆ ದಪ್ಪ ಕಾಲುಚೀಲ ಸುತ್ತಿ ಪೋರ್ಟಿಗೆ ಸಡಿಲವಾಗಿ ತುರುಕಿ ಕೇಳಿ. ಒಳಕ್ಕೆ ಬಿದ್ದುಹೋಗದ ಹಾಗೆ ತುದಿ ಹೊರಗಿರಲಿ. ಬೂಂ ಇಳಿದು ಬೇಸ್ ಬಿಗಿಯಾಯಿತೆಂದರೆ ಗೋಡೆ ಮತ್ತು ಪೋರ್ಟ್ ಸೇರಿ ಮಾಡುತ್ತಿದ್ದ ಕಿತಾಪತಿ ಅದು. ಸ್ಪೀಕರಿನ ಡಬ್ಬದಲ್ಲಿ ಎರಡು ಸ್ಪಂಜಿನ ತುಂಡು ಬಂದಿದ್ದು, ಅದೇನೆಂದು ತಿಳಿಯದೆ ಎಸೆದಿದ್ದರೆ, ಅವು ಇದಕ್ಕೇ ಇದ್ದವು.

ಎರಡನೆಯದು ನೀವು ಕೂರುವ ಜಾಗ. ಸೋಫಾ ಹಿಂದಿನ ಗೋಡೆಗೆ ಒರಗಿದೆಯೇ? ಕೆಳಸ್ವರದ ಒತ್ತಡ ಗೋಡೆಯ ಬಳಿಯಲ್ಲೇ ಹೆಚ್ಚು. ತಲೆ ಗೋಡೆಗೆ ತಾಗಿದ್ದರೆ ಆ ಒತ್ತಡದ ನಡುವೆಯೇ ಕೂತ ಹಾಗಾಯಿತು. ಒಂದು ಕುರ್ಚಿ ತಂದು ಒಂದೂವರೆ ಎರಡಡಿ ಮುಂದೆ ಕೂತು ಅದೇ ಹಾಡು ಕೇಳಿ. ವ್ಯತ್ಯಾಸ ದೊಡ್ಡದಿದ್ದರೆ ಸ್ಪೀಕರನ್ನು ಮುಟ್ಟದೆ ಸೋಫಾ ಸರಿಸಿ. ಸೋಫಾ ಸರಿಸಲು ಮನೆಯವರು ಒಪ್ಪುವುದು ಬೇರೆ ವಿಷಯ.

ಮೂರನೆಯದಾಗಿ ಪೆಟ್ಟಿಗೆಗಳನ್ನು ಒಂದೊಂದು ಗೇಣು ಮುಂದಕ್ಕೆ ಎಳೆಯುತ್ತ, ಮೂಲೆಯಿಂದ ಒಳಕ್ಕೆ ತರುತ್ತ ಕೇಳಿ. ಪ್ರತಿ ಸಲ ನೆಲದ ಮೇಲೆ ಕಾಗದದ ಟೇಪು ಅಂಟಿಸಿ ಗುರುತು ಮಾಡಿ. ಪಕ್ಕದ ಗೋಡೆಯಿಂದ, ಹಿಂದಿನ ಗೋಡೆಯಿಂದ, ನೆಲದಿಂದ ವೂಫರಿಗೆ (ಪೆಟ್ಟಿಗೆಯ ಮುಖದಲ್ಲಿ ಬೇಸ್ ಹೊರಡಿಸುವ ದೊಡ್ಡ ತಟ್ಟೆ) ಇರುವ ಮೂರು ದೂರಗಳೂ ಒಂದೇ ಆಗದಂತೆ ನೋಡಿಕೊಳ್ಳಿ. ಮೂರೂ ಒಂದೇ ಆದರೆ ಮೂರರ ತೊಂದರೆಯೂ ಒಂದೇ ಸ್ವರದ ಮೇಲೆ ಬೀಳುತ್ತದೆ.

ಇಷ್ಟಾದರೂ ಹೋಗದ ಬೂಂ ಯಾವ ಜಾತಿಯದು ಎಂದು ತಿಳಿಯಲು ವೀಣೆ ಬೇಕು. ವಾದಕರು ಕೆಳತಂತಿಯಲ್ಲಿ ಒಂದೊಂದೇ ಮೆಟ್ಟು ಇಳಿಯುವ ಆಲಾಪನೆ ಹಾಕಿ. ಎಲ್ಲ ಸ್ವರಗಳೂ ಸಮನಾಗಿ ದಪ್ಪವಾಗಿ ಕೇಳಿದರೆ ಅದು ಗೋಡೆ, ಮೂಲೆಯ ಹೆಚ್ಚುವರಿ ಕೊಡುಗೆ. ದೂರ ಸರಿಸಿದರೆ ಇಳಿಯುತ್ತದೆ, ಇಲ್ಲವೇ ಬೇಸ್ ಗುಂಡಿಯನ್ನು ಎರಡು ಗೆರೆ ಇಳಿಸಿದರೂ ಆದೀತು. ಅದು ಬಿಟ್ಟು ಯಾವುದೋ ಒಂದು ಸ್ವರ ಮಾತ್ರ ಉಬ್ಬಿ, ವಾದಕರು ಮುಂದೆ ಹೋದ ಮೇಲೂ ಕೋಣೆಯಲ್ಲಿ ಉಳಿದರೆ, ಅದು ಕೋಣೆಯ ಸ್ವಂತ ಸ್ವರ. ಬಚ್ಚಲುಮನೆಯಲ್ಲಿ ಗುನುಗುವಾಗ ಒಂದು ಸ್ವರಕ್ಕೆ ಗೋಡೆಗಳೇ ದನಿಗೂಡಿಸುತ್ತವಲ್ಲ, ಹಾಲಿನಲ್ಲಿ ನಡೆಯುವುದೂ ಅದೇ. ಹಾಲ್ ದೊಡ್ಡದಾದ್ದರಿಂದ ಸ್ವರ ಇನ್ನೂ ಕೆಳಗಿರುತ್ತದೆ.

ಆ ಸ್ವರ ಯಾವುದೆಂದು ಟೇಪು ಹಿಡಿದು ಲೆಕ್ಕ ಹಾಕಬಹುದು. ನಮ್ಮ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್, ಅಂದರೆ 1,130 ಅಡಿ ಚಿಲ್ಲರೆ ಓಡುತ್ತದೆ. 565ನ್ನು ಕೋಣೆಯ ಉದ್ದದಿಂದ, ಅಡಿಯಲ್ಲಿ, ಭಾಗಿಸಿದರೆ ಆ ದಿಕ್ಕಿನ ಅತಿ ಕೆಳಗಿನ ಸ್ವರ ಬಂತು. ಹನ್ನೆರಡಡಿಗೆ 47 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ), ಹತ್ತಡಿಗೆ 57. ಸಿನಿಮಾ ಹಾಡಿನ ಡ್ರಮ್ ಏಟು ಬೀಳುವುದೇ ಈ 50-60ರ ಅಕ್ಕಪಕ್ಕದಲ್ಲಿ. ಹತ್ತಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಆರ್‌ಸಿಸಿ ಕೋಣೆ ಇವುಗಳಲ್ಲೆಲ್ಲ ಕೆಟ್ಟದ್ದು, ಮೂರು ದಿಕ್ಕಿನ ಸ್ವರವೂ ಒಂದೇ ಆಗಿ ಮುಮ್ಮಡಿಯಾಗುತ್ತದೆ. ಅಂಥ ಕೋಣೆಯಲ್ಲಿ ದೊಡ್ಡ ವೂಫರ್ ಬೇಡವೇ ಬೇಡ. ಹಳೆಯ ಹೆಂಚಿನ ಮನೆಯವರು ಇಲ್ಲಿ ಪುಣ್ಯವಂತರು. ಹೆಂಚು ಹಗುರ, ನಡುವೆ ಸಂದುಗಳೂ ಇರುವುದರಿಂದ ಕೆಳಸ್ವರದ ಒಂದು ಪಾಲು ಮೇಲಿಂದಲೇ ಹೊರಟುಹೋಗುತ್ತದೆ.

ಕೋಣೆಯ ಸ್ವರಕ್ಕೆ ಮದ್ದು ಕೊಳ್ಳುವ ಮುನ್ನ ಪುಕ್ಕಟೆ ಪರೀಕ್ಷೆ ಇದೆ. ಮನೆಯಲ್ಲಿರುವ ಹತ್ತಿಯ ಹಾಸಿಗೆಯನ್ನು ಸುರುಳಿ ಸುತ್ತಿ ಸ್ಪೀಕರಿನ ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, ಇನ್ನೊಂದು ಸಿಕ್ಕರೆ ಮತ್ತೊಂದು ಮೂಲೆಗೆ. ಸ್ವಲ್ಪವಾದರೂ ಬಿಗಿ ಬಂದರೆ ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲಿನ ಎಳೆಯ ಉಣ್ಣೆಯಂಥದ್ದು) ಹಲಗೆಗಳನ್ನು ಬಟ್ಟೆ ಹೊದಿಸಿ ಮೂಲೆಗೆ ಅಡ್ಡಲಾಗಿ ನಿಲ್ಲಿಸುವುದು ಮುಂದಿನ ಹೆಜ್ಜೆ. ಕತ್ತರಿಸುವಾಗ ಕೈಗವಸು, ಮಾಸ್ಕ್ ಇರಲಿ. ಅದರ ಎಳೆ ಚರ್ಮಕ್ಕೂ ಶ್ವಾಸಕ್ಕೂ ಆಗದು. ಮೊಟ್ಟೆಯ ಟ್ರೇ ಗೋಡೆಗೆಲ್ಲ ಅಂಟಿಸಿದರೆ ಬೇಸ್ ಕಡಿಮೆಯಾಗುತ್ತದೆ ಎಂಬುದು ಶುದ್ಧ ಸುಳ್ಳು. 50 ಹರ್ಟ್ಜಿನ ಅಲೆಯ ಉದ್ದ ಸುಮಾರು ಏಳು ಮೀಟರ್. ಬೆರಳಷ್ಟು ದಪ್ಪದ ರಟ್ಟು ಅದಕ್ಕೆ ಲೆಕ್ಕಕ್ಕಿಲ್ಲ. ಬೆಂಕಿಗೆ ಮಾತ್ರ ಅದು ಒಳ್ಳೆಯ ಸೌದೆ.

ಸಬ್‌ವೂಫರ್, ಅಂದರೆ ಬೇಸಿಗಷ್ಟೇ ಬೇರೆ ಪೆಟ್ಟಿಗೆ, ಇರುವವರಿಗೆ ಒಂದು ಅಡ್ಡದಾರಿ: ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಸಣ್ಣ ದನಿಯಲ್ಲಿ ಡ್ರಮ್ ಹಾಡು ಹಾಕಿ, ಗೋಡೆಯಂಚಿನುದ್ದಕ್ಕೂ ತಲೆ ತಗ್ಗಿಸಿ ಅಂಬೆಗಾಲಿಡಿ. ಎಲ್ಲಿ ಏಟು ಸಮನಾಗಿ, ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ.

“ದನಿ ತೆಳು, ತುಂಬಿ ಬರ್ತಿಲ್ಲ”

ಬೂಂ ಹೋಗಲೆಂದು ಸ್ಪೀಕರನ್ನು ಗೋಡೆಯಿಂದ ಎಳೆದವರು ಮುಂದಿನ ವಾರ ಹೇಳುವ ದೂರು ಇದು.

ಗೋಡೆಯನ್ನು ಬಯ್ಯುವ ಮುನ್ನ ಕೆಂಪು-ಕಪ್ಪು ನೋಡಿ. ಎರಡು ಪೆಟ್ಟಿಗೆಯಲ್ಲಿ ಒಂದಕ್ಕೆ ಮಾತ್ರ ತಂತಿ ತಿರುವು ಮುರುವಾಗಿದ್ದರೆ ಒಂದು ವೂಫರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬೇಸ್ ಒಂದನ್ನೊಂದು ಕಡಿದುಕೊಳ್ಳುತ್ತದೆ. ಗಾಯಕರು ನಡುವೆ ನಿಂತು ಹಾಡುತ್ತಿದ್ದಾರೆ ಅನ್ನಿಸದೆ ದನಿ ತಲೆಯ ಸುತ್ತ ಎಲ್ಲೋ ತೇಲಿದ ಹಾಗಿದ್ದರೆ ಬಹುತೇಕ ಇದೇ. ಎರಡೂ ಪೆಟ್ಟಿಗೆಯನ್ನು ಎದುರುಬದುರಾಗಿ ಗೇಣಂತರದಲ್ಲಿಟ್ಟು ಹಾಡು ಹಾಕಿ. ಆಫ್ ಮಾಡಿ ಒಂದರ ತಂತಿ ಮಾತ್ರ ತಿರುಗಿಸಿ ಮತ್ತೆ ಕೇಳಿ. ಬೇಸ್ ಹೆಚ್ಚು ಬಂದ ಜೋಡಣೆಯೇ ಸರಿ. ತಂತಿಯ ಬಣ್ಣ ಅಳಿಸಿಹೋಗಿ ಗೊಂದಲವಾದರೆ ಆಂಪ್ಲಿಫೈಯರಿನಿಂದ ತಂತಿ ಪೂರ್ತಿ ಬಿಚ್ಚಿ, 1.5 ವೋಲ್ಟಿನ ಸಣ್ಣ ಸೆಲ್ಲನ್ನು ಆ ತುದಿಗೆ ಕ್ಷಣ ಮಾತ್ರ ತಗುಲಿಸಿ. ಎರಡು ವೂಫರೂ ಒಂದೇ ದಿಕ್ಕಿಗೆ ಜಿಗಿಯಬೇಕು. ಸೆಲ್ಲನ್ನು ಹಿಡಿದೇ ಇರಬೇಡಿ.

ಎರಡನೆಯದಾಗಿ, ನೀವು ಕೋಣೆಯ ನಟ್ಟನಡುವೆ ಕೂತಿದ್ದೀರಾ? ಗೋಡೆಯ ಬಳಿ ಉಬ್ಬುವ ಆ 47, 57 ಹರ್ಟ್ಜಿನ ಸ್ವರಗಳು ಸರಿಯಾಗಿ ನಡುವಿನಲ್ಲಿ ಮಾಯವಾಗುತ್ತವೆ. ಮುಂದಕ್ಕೋ ಹಿಂದಕ್ಕೋ ಒಂದಡಿ ಸರಿದರೆ ತಿರುಗಿ ಬರುತ್ತವೆ. ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಇದನ್ನು ತುಂಬಿಸಲು ಹೋಗಬೇಡಿ. ನಡುವಿನಲ್ಲಿ ಬಾರದ ಸ್ವರ ಪಕ್ಕದ ಕೋಣೆಯಲ್ಲಿ ಗುಡುಗುತ್ತದೆ, ವೂಫರ್ ಸುಮ್ಮನೆ ದಣಿಯುತ್ತದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ, ಸಂಗೀತ ಕೇಳುವವರಿಗೆ ಮುಖ್ಯವಾದದ್ದು. ವೂಫರಿನಿಂದ ಹಿಂದಿನ ಗೋಡೆಗೆ ಹೋಗಿ ತಿರುಗಿ ಬರುವ ಶಬ್ದ ಎಲ್ಲ ಸ್ವರಕ್ಕೂ ಕೂಡುವುದಿಲ್ಲ. ಯಾವ ಸ್ವರದ ಅಲೆಯ ಕಾಲು ಭಾಗ ಆ ದೂರಕ್ಕೆ ಸಮವೋ ಆ ಸ್ವರ ತಿರುಗಿ ಬರುವಷ್ಟರಲ್ಲಿ ತಲೆಕೆಳಗಾಗಿ, ಮುಂದಿನದನ್ನು ಅಳಿಸುತ್ತದೆ; ಆ ಸ್ವರದಲ್ಲಿ ಹಳ್ಳ ಬೀಳುತ್ತದೆ. ಲೆಕ್ಕ ಸುಲಭ: 283ನ್ನು ವೂಫರಿನ ಮುಖದಿಂದ ಗೋಡೆಗಿರುವ ದೂರದಿಂದ ಭಾಗಿಸಿ. ಒಂದಡಿಗೆ 283 ಹರ್ಟ್ಜ್, ಎರಡಡಿಗೆ 141, ಮೂರಡಿಗೆ 94, ನಾಲ್ಕಡಿಗೆ 71.

ಇದನ್ನು ಶ್ರುತಿಯ ಜೊತೆ ಇಟ್ಟು ನೋಡಿ. ಗಂಡಸರು ಸಾಮಾನ್ಯವಾಗಿ ಹಾಡುವ ಸಿ, ಸಿ ಶಾರ್ಪ್ ಶ್ರುತಿಗಳಲ್ಲಿ ಆಧಾರ ಷಡ್ಜ 131, 139 ಹರ್ಟ್ಜಿನಲ್ಲಿರುತ್ತದೆ. ಸ್ಪೀಕರನ್ನು ‘ಗೋಡೆಯಿಂದ ಎರಡಡಿ’ ಎಂದು ಯಾರೋ ಹೇಳಿದ್ದನ್ನು ಕೇಳಿ ಎಳೆದು ಇಟ್ಟಿರಿ, ಅಳಿಸಿಹೋಗುವ ಸ್ವರ 141. ಗಾಯಕರು ಷಡ್ಜಕ್ಕೆ ಬಂದು ನಿಂತಾಗೆಲ್ಲ ದನಿಯ ಎದೆ ಕುಸಿದ ಹಾಗೆ ಕೇಳುತ್ತದೆ. ಮೂರಡಿಗೆ ಎಳೆದರೆ ಸಿ ಶ್ರುತಿಯ ಮಂದ್ರ ಪಂಚಮ, 98 ಹರ್ಟ್ಜ್, ಅದರ ಬಳಿಗೆ ಬರುತ್ತದೆ. ಹೆಂಗಸರ ದನಿಯ ಷಡ್ಜ ಜಿ ಇಂದ ಎ ವರೆಗೆ, 196ರಿಂದ 220 ಹರ್ಟ್ಜ್. ಅವರ ಕಛೇರಿ ಹೆಚ್ಚಾಗಿ ಕೇಳುವ ಮನೆಯಲ್ಲಿ ಎರಡಡಿ ಅಷ್ಟೇನೂ ಕಾಡದಿರಬಹುದು. ಹಾಗಾಗಿ ಎಲ್ಲರಿಗೂ ಒಂದೇ ದೂರ ಹೇಳುವವರ ಮಾತು ನಂಬಬೇಡಿ. ನೀವು ಹೆಚ್ಚು ಕೇಳುವ ದನಿಯ ಷಡ್ಜ ಎಲ್ಲಿದೆಯೋ ಅಲ್ಲಿಂದ ಈ ಹಳ್ಳವನ್ನು ತಪ್ಪಿಸಿ, ಗೋಡೆಗೆ ಇನ್ನೂ ಹತ್ತಿರ ತನ್ನಿ ಅಥವಾ ಇನ್ನೂ ದೂರ ಎಳೆಯಿರಿ. ಸಣ್ಣ ಹಾಲಿನಲ್ಲಿ ಹತ್ತಿರ ತರುವುದೇ ಜಾಣತನ. ಹಳ್ಳ 250ರ ಮೇಲಕ್ಕೆ ಹೋದರೆ, ಅಲ್ಲಿ ಪೆಟ್ಟಿಗೆ ಹಿಂದಕ್ಕೆ ಸೂಸುವುದೇ ಕಡಿಮೆಯಾದ್ದರಿಂದ, ಹಳ್ಳವೂ ಆಳವಿರುವುದಿಲ್ಲ. ಉಳಿಯುವ ಹೆಚ್ಚಿನ ಬೇಸನ್ನು ಗುಂಡಿ ಇಳಿಸಿ, ಪೋರ್ಟ್ ಮುಚ್ಚಿ ಸರಿಮಾಡಬಹುದು. ಅಮೆರಿಕದ ರಾಯ್ ಆಲಿಸನ್ 1974ರಲ್ಲಿ ಗೋಡೆ-ನೆಲಗಳು ಸ್ಪೀಕರಿನ ಬೇಸನ್ನು ಹೇಗೆ ಬದಲಿಸುತ್ತವೆಂದು ಅಳೆದು ಬರೆದರು, ವೂಫರನ್ನು ಗೋಡೆ-ನೆಲ ಕೂಡುವ ಕಡೆಗೇ ತಂದ ಪೆಟ್ಟಿಗೆಗಳನ್ನೂ ಮಾಡಿದರು. ಅದರ ಹಿಂದಿದ್ದ ವಿಚಾರ ಇದೇ.

“ವಾರ್ತೆ ಓದೋರು ಡಬ್ಬದೊಳಗೆ ಕೂತ ಹಾಗಿದೆ”

1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಬಾನುಲಿ ಶುರುಮಾಡಿದ ಊರು ಮೈಸೂರು. ಸ್ಪೀಕರ್ ಪರೀಕ್ಷೆಗೆ ಇವತ್ತಿಗೂ ರೇಡಿಯೊದ ಮಾತಿಗಿಂತ ಪ್ರಾಮಾಣಿಕ ಸಾಮಗ್ರಿ ಸಿಗದು. ಮನುಷ್ಯನ ಮಾತು ಹೇಗಿರಬೇಕೆಂದು ಕಿವಿಗೆ ಯಾರೂ ಕಲಿಸಬೇಕಿಲ್ಲ.

ಮಾತು ಡಬ್ಬದಂತಿದ್ದರೆ ಮೊದಲು ಸ್ಪೀಕರ್ ಶೋಕೇಸಿನ ಗೂಡಿನೊಳಗಿದೆಯೇ ನೋಡಿ. ಇದ್ದರೆ ಗೂಡಿನ ಅಂಚಿಗೆ, ಮುಖ ಒಂದಿಂಚು ಹೊರಬರುವಷ್ಟು ಎಳೆಯಿರಿ. ಗೂಡಿನಲ್ಲಿ ಉಳಿದ ಜಾಗಕ್ಕೆ ಬಟ್ಟೆ ಅಥವಾ ಪುಸ್ತಕ ತುಂಬಿ. ಆಂಪ್ಲಿಫೈಯರನ್ನು ಮಾತ್ರ ಹೀಗೆ ಮುಚ್ಚಬೇಡಿ, ಅದಕ್ಕೆ ಗಾಳಿ ಬೇಕು.

ಆಮೇಲೆ ಎತ್ತರ. ಸೋಫಾದ ಲೆಕ್ಕದಲ್ಲಿ ಮಾಡಿದ ಸ್ಟ್ಯಾಂಡ್ ನಮ್ಮಲ್ಲಿ ಹಲವರಿಗೆ ಹೊಂದುವುದಿಲ್ಲ, ಏಕೆಂದರೆ ಕಛೇರಿ ಕೇಳುವಾಗ ಜಮಖಾನ ಹಾಸಿ ನೆಲದ ಮೇಲೆ ಕೂರುತ್ತೇವೆ. ಕಿವಿ ಕೆಳಗಾಯಿತು, ಟ್ರೆಬಲ್ ಹೊರಡಿಸುವ ಸಣ್ಣ ಭಾಗ, ಟ್ವೀಟರ್, ತಲೆಯ ಮೇಲಾಯಿತು, ದನಿಯ ಹೊಳಪು ಮೇಲಿಂದ ಹಾದುಹೋಯಿತು. ಪೆಟ್ಟಿಗೆಯ ಹಿಂಬದಿಯ ತಳಕ್ಕೆ ರಬ್ಬರ್ ತುಂಡು ಕೊಟ್ಟು ಮುಖವನ್ನು ತುಸು ಕೆಳಕ್ಕೆ ಬಾಗಿಸಿ. ಜಾರದಂತೆ ಹಿಡಿಸಿದ್ದರೆ ಮಾತ್ರ.

“ದನಿ ಒಂದು ಕಡೆಗೆ ಎಳೆಯುತ್ತೆ”

ಅದಲುಬದಲು ಪರೀಕ್ಷೆಯಲ್ಲಿ ಪೆಟ್ಟಿಗೆ, ಆಂಪ್ಲಿಫೈಯರ್ ಎರಡೂ ಪಾಸಾದರೆ ಕೋಣೆಯನ್ನೇ ಕಣ್ಣಾಡಿಸಿ ನೋಡಿ: ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದರ ಪಕ್ಕ ಅಡುಗೆಮನೆಗೆ ತೆರೆದ ಕಮಾನು. ಬಹುಪಾಲು ಮನೆಗಳ ಕಥೆ ಇದು. ಮೂಲೆಯದಕ್ಕೆ ಗೋಡೆಯ ಬಲ, ಇನ್ನೊಂದಕ್ಕೆ ಇಲ್ಲ. ಮೂಲೆಯ ಪೆಟ್ಟಿಗೆಯ ಪೋರ್ಟನ್ನು ಮಾತ್ರ ಮುಚ್ಚಿ ನೋಡಿ, ಅಥವಾ ಎರಡು ಪೆಟ್ಟಿಗೆಗಳನ್ನೂ ಬೇರೆ ಗೋಡೆಗೆ ತಿರುಗಿಸಿ. ಕಮಾನಿಗೆ ದಪ್ಪ ಪರದೆ ಹಾಕಿದರೆ ಟ್ರೆಬಲ್ ಸಮವಾದೀತು, ಬೇಸ್ ಆಗದು. ಬ್ಯಾಲೆನ್ಸ್ ಗುಂಡಿ ಕೊನೆಯ ಉಪಾಯ, ನಾಚಿಕೆಪಡುವಂಥದ್ದೇನಲ್ಲ.

“ಜೋರು ಮಾಡಿದರೆ ಕಿವಿಗೆ ಚುಚ್ಚುತ್ತೆ”

ನೀವು ಕೂರುವ ಜಾಗದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ‘ಟ್ರ್ರ್ರ್’ ಎಂದು ಉಗುರು ಗೀರಿದಂಥ ಬಾಲ ಕೇಳಿದರೆ ಎದುರುಬದುರು ಬೋಳು ಗೋಡೆಗಳ ನಡುವೆ ದನಿ ಚೆಂಡಾಡುತ್ತಿದೆ. ಸಿಮೆಂಟು ಗಾರೆ, ಟೈಲ್ಸ್ ನೆಲ, ಗಾಜಿನ ಕಿಟಕಿ ಇರುವ ಹೊಸ ಮನೆಗಳಲ್ಲಿ ಇದು ಸಾಮಾನ್ಯ. ಸ್ಪೀಕರಿನ ಮುಂದಿನ ನೆಲಕ್ಕೆ ದಪ್ಪ ಜಮಖಾನ, ಒಂದು ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ನಿರಿಗೆ ತುಂಬಿದ ಪರದೆ, ಇಷ್ಟು ಸಾಕು. ಚಪ್ಪಾಳೆ ಸ್ವಚ್ಛವಾಗಿದ್ದೂ ಚುಚ್ಚುತ್ತಿದ್ದರೆ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ಓಡುತ್ತಿರಬಹುದು. ವಾಲ್ಯೂಮ್ ಕೂಡಲೇ ಇಳಿಸಿ, ಟ್ವೀಟರ್‌ಗಳು ಸುಡುವುದು ಹೀಗೆಯೇ.

“ಕಿರ್‌ಕಿರ್, ಝರ್‌ಝರ್”

ಸ್ಪೀಕರ್ ಒಡೆದಿದೆ ಎಂದು ತಂದುಕೊಡುವವರ ಮನೆಯಲ್ಲಿ ಅದುರುತ್ತಿರುವುದು ಹಲವು ಸಲ ಬೇರೆಯೇ. ಫೋನಿನಲ್ಲಿ ಟೋನ್ ಕೊಡುವ ಆ್ಯಪ್ ಹಾಕಿಕೊಂಡು, ಸಣ್ಣ ದನಿಯಲ್ಲಿ, 30ರಿಂದ 200 ಹರ್ಟ್ಜ್‌ವರೆಗೆ ನಿಧಾನ ಏರಿಸಿ. ಕಿರ್ ಎಂದ ಕಡೆ ನಿಲ್ಲಿಸಿ, ಮನೆಯವರೊಬ್ಬರನ್ನು ಒಂದೊಂದೇ ವಸ್ತುವಿನ ಮೇಲೆ ಕೈಯಿಡಲು ಹೇಳಿ: ಶೋಕೇಸಿನ ಗಾಜು, ಕಬ್ಬಿಣದ ಬೀರು, ಗೋಡೆಗೆ ತೂಗುಹಾಕಿದ ದೇವರ ಪಟ, ಸೊಳ್ಳೆ ಪರದೆಯ ಚೌಕಟ್ಟು, ಸಜ್ಜೆಯ ಮೇಲಿನ ಸ್ಟೀಲ್ ಪಾತ್ರೆ. ಪಟದ ಹಿಂದೆ ಎರಡು ಚೂರು ಫೆಲ್ಟ್ ಅಂಟಿಸಿದರೆ ಮುಗಿಯಿತು. ಈ ಟೋನನ್ನು ಜೋರಾಗಿ ಹಾಕಬೇಡಿ. ಹಾಡಿಗೆ ತಡೆಯುವ ಸ್ಪೀಕರ್ ಬಿಡುವಿಲ್ಲದ ಒಂದೇ ಟೋನಿಗೆ ಸುಡಬಹುದು.

ಎಲ್ಲದಕ್ಕೂ ಕೈಯಿಟ್ಟರೂ ಕಿರ್ ನಿಲ್ಲದೆ, ಅದಲುಬದಲಿನಲ್ಲಿ ಪೆಟ್ಟಿಗೆಯ ಜೊತೆಗೇ ಹೋದರೆ, ಮುಂಭಾಗದ ಬಟ್ಟೆ ತೆಗೆದು ವೂಫರಿನ ಸುತ್ತಿನ ಅಂಚು ನೋಡಿ. ಸ್ಪಂಜಿನ ಅಂಚಾದರೆ ಹತ್ತು-ಇಪ್ಪತ್ತು ವರ್ಷಕ್ಕೆ ತಾನಾಗಿಯೇ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಕಾಲ ಬಾಳುತ್ತದೆ. ಅಂಚು ಗಟ್ಟಿಯಿದ್ದರೆ ಎರಡು ಹೆಬ್ಬೆರಳಿನಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಒಳಗೆ ಕೆರೆದ ಸದ್ದು ಬಂದರೆ ಅದರ ತಂತಿಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿದೆ. ಟ್ವೀಟರಿನ ಗುಬುಟನ್ನು ಮಾತ್ರ ಬೆರಳಿನಿಂದ ಮುಟ್ಟಲೇಬೇಡಿ. ಹೊರಗೋಡೆಗೆ ಅಂಟಿಸಿ ಇಟ್ಟ ಪೆಟ್ಟಿಗೆಯಾದರೆ ಮಳೆಗಾಲದ ತೇವಕ್ಕೆ ಹಿಂಬದಿ ಹಲಗೆ ಉಬ್ಬಿದೆಯೇ, ಗೆದ್ದಲಿನ ಮಣ್ಣಿನ ಗೆರೆ ಹತ್ತಿದೆಯೇ ಅದನ್ನೂ ನೋಡಿ.

ವೀಣೆ, ಕೊಳಲಿನ ಉದ್ದ ಸ್ವರ ನಡುಗಿದ ಹಾಗೆ ಕೇಳಿದರೆ ಮೇಲೆ ನೋಡಿ. ಫ್ಯಾನ್ ತಿರುಗುತ್ತಿದೆ. ರೆಕ್ಕೆಗಳು ದನಿಯನ್ನು ಕತ್ತರಿಸಿ ಕತ್ತರಿಸಿ ಕಳಿಸುತ್ತವೆ. ಇದಕ್ಕೆ ರಿಪೇರಿಯಿಲ್ಲ, ಏಪ್ರಿಲ್ಲಿನಲ್ಲಂತೂ ಇಲ್ಲ.

“ಹಾಡು ನಿಲ್ಲಿಸಿದರೂ ಗುಂಯ್ ಅನ್ನುತ್ತೆ”

ಇದು ಗೋಡೆಯ ತಪ್ಪಲ್ಲ. ಆದರೆ ಮೂಲೆಯಲ್ಲಿಟ್ಟ ಸ್ಪೀಕರ್ ಇದನ್ನು ಎತ್ತಿ ತೋರಿಸುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಗುಂಯ್ ಬರುವುದು 50 ಅಥವಾ 100ರಲ್ಲಿ. ಟಿ.ವಿ. ಕೇಬಲ್ ಅಥವಾ ಡಿಶ್ಶಿನ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಿತ್ತು ನೋಡಿ, ಹೆಚ್ಚಿನ ಸಲ ಅಲ್ಲೇ ನಿಲ್ಲುತ್ತದೆ. ಆಮೇಲೆ ಎಲ್ಲ ಸಾಧನಗಳನ್ನು ಒಂದೇ ಬೋರ್ಡಿಗೆ ಹಾಕಿ. ಗುಂಯ್ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಮುರಿಯುವ ಸಲಹೆ ಕೊಡುವವರಿದ್ದಾರೆ, ಅವರ ಮಾತು ಕೇಳಬೇಡಿ. ಪ್ರಾಣ ಉಳಿಸುವ ಪಿನ್ ಅದು. ಆಂಪ್ಲಿಫೈಯರಿನ ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ, ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೂ ಹೀಗಾಗುತ್ತದೆ.

“ನಮಗೆ ಸಣ್ಣಗಿದೆ, ಪಕ್ಕದ ಮನೆಗೆ ಜೋರು”

ಅಗ್ರಹಾರದ ಸಾಲುಮನೆಗಳಲ್ಲಿ, ನಡುಗೋಡೆ ಹಂಚಿಕೊಂಡ ಮನೆಗಳಲ್ಲಿ ಪೆಟ್ಟಿಗೆಯನ್ನು ಆ ನಡುಗೋಡೆಗೆ ಒರಗಿಸಬೇಡಿ. ಬೇರೆ ಗೋಡೆಗೆ ಹಾಕಿ, ತಳಕ್ಕೆ ದಪ್ಪ ರಬ್ಬರ್ ಕೊಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್; ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಪಕ್ಕದ ಮನೆಯ ಅಜ್ಜಿ ಬಂದು ಕದ ತಟ್ಟಿದರೆ ನಿಯಮ ಎಣಿಸಬೇಡಿ, ಇಳಿಸಿ.

ಎಲ್ಲಿ ಕೈಬಿಟ್ಟು ಬಲ್ಲವರನ್ನು ಕರೆಯಬೇಕು

ಆಂಪ್ಲಿಫೈಯರಿನ ಮುಚ್ಚಳ ತೆಗೆಯುವ ಹಂತ ಬಂದರೆ ನಿಲ್ಲಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ, ವೂಫರ್ ಒಂದೇ ಕಡೆ ಉಬ್ಬಿ ನಿಲ್ಲುವುದು, ಆನ್ ಮಾಡಿದಾಗ ಜೋರಾಗಿ ಢಬ್ ಎನ್ನುವುದು, ಇವೂ ನಿಮ್ಮ ಕೈಯಲ್ಲಿ ಆಗುವ ಕೆಲಸಗಳಲ್ಲ. ಸ್ಪೀಕರನ್ನು ಕೂಡಲೇ ಬಿಡಿಸಿ ಇಡಿ.

ಪೆಟ್ಟಿಗೆಯೇ ಕೆಟ್ಟಿದೆ ಎಂಬ ಅನುಮಾನವಿದ್ದರೆ ತಂತಿ ಬಿಚ್ಚಿ ಮಲ್ಟಿಮೀಟರಿನಿಂದ ಟರ್ಮಿನಲ್ ಅಳೆಯಿರಿ. 8 ಓಮ್ ಎಂದು ಬರೆದದ್ದು ಐದೂವರೆಯಿಂದ ಏಳರ ನಡುವೆ, 4 ಓಮಿನದು ಮೂರರಿಂದ ನಾಲ್ಕರ ನಡುವೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ತಂತಿ ಕಡಿದಿದೆ. ಮೆಕ್ಯಾನಿಕ್ ಬಳಿ ಒಯ್ಯುವಾಗ ಎರಡೂ ಪೆಟ್ಟಿಗೆ ಒಯ್ಯಿರಿ, ಚೆನ್ನಾಗಿರುವುದರ ಜೊತೆ ಹೋಲಿಸಿ ನೋಡಲು ಬೇಕಾಗುತ್ತದೆ. ಕೋನ್ ಅಂಚು ಹೊಸದು ಹಾಕಿಸುವುದು ಹೊಸ ವೂಫರ್ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ; ಹಾಕುವವರು ಎರಡಕ್ಕೂ ಒಂದೇ ಬಗೆಯ ಅಂಚು ಹಾಕಲಿ.

ಪೆಟ್ಟಿಗೆ ಸರಿಯಿದ್ದು ಕೋಣೆಯೇ ಬಗ್ಗದಿದ್ದರೆ ಅಳತೆಯ ಮೈಕು ಇರುವವರನ್ನು ಕರೆಸಿ. ರೂಮ್ ಇಕ್ಯು ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಣೆಯ ಉಬ್ಬು-ಹಳ್ಳಗಳ ಗೆರೆ ಮೂಡುತ್ತದೆ. ಕರೆಯುವ ಮುನ್ನ ಒಂದು ಹಾಳೆಯಲ್ಲಿ ಕೋಣೆಯ ಮೂರು ಅಳತೆ, ಬಾಗಿಲು ಕಿಟಕಿಯ ಜಾಗ, ವೂಫರಿನಿಂದ ಗೋಡೆಗಳಿಗೆ ಇರುವ ದೂರ, ಅದಲುಬದಲು ಪರೀಕ್ಷೆಯಲ್ಲಿ ಏನಾಯಿತು, ಯಾವ ಹಾಡಿನ ಯಾವ ಜಾಗದಲ್ಲಿ ತೊಂದರೆ, ಇಷ್ಟನ್ನು ಬರೆದಿಡಿ. ಬಂದವರು ಇದನ್ನೊಂದನ್ನೂ ಕೇಳದೆ ನೇರವಾಗಿ ಫೋಮ್ ಹಲಗೆಯ ಬೆಲೆ ಹೇಳಲು ಶುರು ಮಾಡಿದರೆ, ಕಾಫಿ ಕೊಟ್ಟು ಕಳಿಸಿ.